ವಾಚಕರ ಪ್ರಶ್ನೆ, ವಾಕ್ಯದ ಬೆಳಕು: ಕ್ಷಮಿಸಿದ ಮೇಲೆ ನಂಬಲೇಬೇಕೇ?

ಪ್ರಶ್ನೆ: ಮಾನ್ಯರೇ, ಕೆಲವು ವರ್ಷಗಳ ಹಿಂದೆ ನನ್ನ ಸ್ವಂತ ಅಣ್ಣ ವ್ಯಾಪಾರಕ್ಕೆಂದು ನನ್ನಿಂದ ದೊಡ್ಡ ಮೊತ್ತದ ಸಾಲ ಪಡೆದ. ಹಿಂದಿರುಗಿಸುವ ಕಾಲ ಬಂದಾಗ, ತಾನು ಪಡೆದೇ ಇಲ್ಲವೆಂದು ತಂದೆತಾಯಿಯ ಎದುರಿಗೇ ಹೇಳಿ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದ. ಈಗ ಮತ್ತೊಂದು ಸಾಲಕ್ಕೆ ನಾನು ಜಾಮೀನು ನಿಲ್ಲಬೇಕೆಂದು ಕೇಳುತ್ತಿದ್ದಾನೆ. ಒಪ್ಪದಿದ್ದಾಗ, "ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂದು ಯೇಸು ಹೇಳಿಲ್ಲವೇ?" ಎನ್ನುತ್ತಾನೆ. ಎಲ್ಲವನ್ನೂ ಮರೆತುಬಿಡು ಎಂದು ತಾಯಿಯೂ ಹೇಳುತ್ತಾರೆ. ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಸಾಲು ಬಂದಾಗ ನನ್ನ ನಾಲಿಗೆ ತಡವರಿಸುತ್ತದೆ. ಜಾಮೀನು ನಿಲ್ಲದಿದ್ದರೆ ನಾನು ಕ್ಷಮಿಸದವನಾಗುತ್ತೇನೆಯೇ?

ಉತ್ತರ: ಇಲ್ಲ, ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೀವು ಈ ಭಾರವನ್ನು ಬಹಳ ಕಾಲ ಒಬ್ಬರೇ ಹೊತ್ತಿದ್ದೀರಿ. ನಿಮ್ಮ ಅಣ್ಣನವರು ಕೇಳುತ್ತಿರುವುದು ಕ್ಷಮೆಯನ್ನಲ್ಲ, ಜಾಮೀನನ್ನು. ಕ್ಷಮೆ ಕೇಳಬೇಕಾದವರು ಮೊದಲು ತಪ್ಪನ್ನು ಒಪ್ಪಿಕೊಳ್ಳಬೇಕಲ್ಲವೇ? ಅವರು ಇನ್ನೂ ಅದನ್ನು ಮಾಡಿಲ್ಲ.

ಅವರು ಎತ್ತಿ ಹೇಳಿದ ಮಾತು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ 22ನೆಯ ವಚನದಲ್ಲಿದೆ. ಅದೇ ಅಧ್ಯಾಯದ 15ರಿಂದ 17ನೆಯ ವಚನಗಳಲ್ಲಿ, ಸಹೋದರನು ತಪ್ಪು ಮಾಡಿದರೆ ಅವನ ಬಳಿಗೆ ಹೋಗಿ ಇಬ್ಬರೇ ಇರುವಾಗ ಆ ತಪ್ಪನ್ನು ತೋರಿಸಿಕೊಡಬೇಕೆಂದೂ, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕೆಂದೂ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕೆಂದೂ ಯೇಸು ಹೇಳಿದ್ದಾನೆ. ಲೂಕನ ಸುವಾರ್ತೆಯ 17ನೆಯ ಅಧ್ಯಾಯವಂತೂ ಮೊದಲು ಗದರಿಸುವುದನ್ನೂ, ಪಶ್ಚಾತ್ತಾಪಪಟ್ಟರೆ ಕ್ಷಮಿಸುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಆದ್ದರಿಂದ ನಡೆದುದನ್ನು ನಡೆದಂತೆ ಹೇಳುವುದು ಕ್ಷಮೆಗೆ ವಿರೋಧವಲ್ಲ.

ಆದರೂ ಏಳೆಪ್ಪತ್ತರ ಮಾತನ್ನು ನಾವು ಹಗುರಮಾಡಿಕೊಳ್ಳಬಾರದು. ಆದಿಕಾಂಡದ 4ನೆಯ ಅಧ್ಯಾಯದಲ್ಲಿ ಲೆಮೆಕನೆಂಬವನು ತನಗಾದ ಗಾಯಕ್ಕೆ ಎಪ್ಪತ್ತೇಳರಷ್ಟು ಸೇಡು ತೀರಿಸುವೆನೆಂದು ಕೊಚ್ಚಿಕೊಳ್ಳುತ್ತಾನೆ. ಆ ಸೇಡಿನ ಲೆಕ್ಕವನ್ನೇ ಯೇಸು ತಿರುಗಿಸಿ ಕ್ಷಮೆಯ ಲೆಕ್ಕವನ್ನಾಗಿ ಮಾಡಿದನು. ಅದರ ಬೆನ್ನಿಗೇ ಬರುವ ಸಾಮ್ಯದಲ್ಲಿ ಒಬ್ಬ ಸೇವಕನಿಗೆ 10,000 ತಲಾಂತುಗಳ ಸಾಲ ಮನ್ನಾ ಆಗುತ್ತದೆ. ಅವನಾದರೋ 100 ದಿನಾರಿಗಳಿಗಾಗಿ ಜೊತೆಯ ಸೇವಕನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿ ಆ ಕಾಲದ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ದಿನಾರಿ. ಹಾಗಾದರೆ ಮೊದಲನೆಯ ಸಾಲ 6 ಕೋಟಿ ದಿನಗಳ ಕೂಲಿ. ಇಲ್ಲಿ ನನ್ನ ಮನಸ್ಸು ನಿಲ್ಲುವುದು ಎರಡನೆಯ ಸಾಲದ ಮೇಲೆ: 100 ದಿನಗಳ ಕೂಲಿಯೂ ಬಡ ಸೇವಕನಿಗೆ ಸಣ್ಣದಲ್ಲ. ನಿಮಗಾದ ನಷ್ಟ ಏನೂ ಅಲ್ಲವೆಂದು ಕರ್ತನು ಎಲ್ಲಿಯೂ ಹೇಳುವುದಿಲ್ಲ. ಅದು ನಿಜವಾದ ನಷ್ಟವೆಂದು ಎಣಿಸಿಯೇ, ದೇವರು ನಮಗೆ ಬಿಟ್ಟುಕೊಟ್ಟಿರುವುದರ ಪಕ್ಕದಲ್ಲಿಟ್ಟು ನೋಡಲು ಹೇಳುತ್ತಾನೆ.

ಕ್ಷಮೆಗೂ ನಂಬಿಕೆಗೂ ಇರುವ ಅಂತರವನ್ನು ಯೋಸೇಫನ ಕಥೆಯಷ್ಟು ಸ್ಪಷ್ಟವಾಗಿ ಕಾಣಿಸುವ ಭಾಗ ಇನ್ನೊಂದಿಲ್ಲವೆಂದು ನನಗೆ ಅನಿಸುತ್ತದೆ. 20 ಬೆಳ್ಳಿ ನಾಣ್ಯಗಳಿಗೆ ತನ್ನನ್ನು ಮಾರಿದ ಅಣ್ಣಂದಿರು ಬರಗಾಲದಲ್ಲಿ ಧಾನ್ಯಕ್ಕಾಗಿ ಎದುರಿಗೆ ಬಂದು ನಿಂತಾಗ ಅವನು ಕೈಯಲ್ಲಿದ್ದ ಅಧಿಕಾರದಿಂದ ಸೇಡು ತೀರಿಸಿಕೊಳ್ಳಲಿಲ್ಲ. ಚೀಲಗಳನ್ನು ತುಂಬಿಸಿ, ಅವರು ಕೊಟ್ಟ ಹಣವನ್ನೂ ಗುಟ್ಟಾಗಿ ಅದರಲ್ಲಿಯೇ ಇಡಿಸಿದನು. ಆದರೆ ತಾನು ಯಾರೆಂಬುದನ್ನು ಮಾತ್ರ ಹೇಳಲಿಲ್ಲ. ಮರೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು, ಪರೀಕ್ಷೆಯನ್ನು ಮುಂದುವರಿಸಿದನು. ಹಿಂದೆ ಅವನನ್ನು ಮಾರೋಣವೆಂದು ಸೂಚಿಸಿದವನು ಯೆಹೂದನೇ. ಅದೇ ಯೆಹೂದನು ಕಿರಿಯ ತಮ್ಮ ಬೆನ್ಯಾಮೀನನ ಬದಲಿಗೆ ತಾನೇ ದಾಸನಾಗಿ ಉಳಿಯುವೆನೆಂದು ಬೇಡಿಕೊಂಡಾಗ ಯೋಸೇಫನಿಗೆ ತಡೆದುಕೊಳ್ಳಲಾಗಲಿಲ್ಲ. ಅಣ್ಣಂದಿರು ಬದಲಾಗಿದ್ದಾರೆಂಬುದು ಆಗ ಅವನಿಗೆ ಕಣ್ಣಾರೆ ಕಂಡಿತ್ತು. ಹಸಿದವರಿಗೆ ಧಾನ್ಯ ಕೊಡಲು ಅವನು ಆ ಬದಲಾವಣೆಗಾಗಿ ಕಾಯಲಿಲ್ಲ, ತನ್ನನ್ನು ಅವರ ಕೈಗೆ ಒಪ್ಪಿಸಲು ಕಾದನು.

ಇದರಿಂದ ನಿಮ್ಮ ಮುಂದಿನ ದಾರಿ ತಿಳಿಯುತ್ತದೆ. ಅಣ್ಣನವರ ಮನೆಯಲ್ಲಿ ಕಾಯಿಲೆಯೋ ಕಷ್ಟವೋ ಬಂದರೆ ಕೈಲಾದುದನ್ನು ಕೊಡಿ, ಲೆಕ್ಕ ಬರೆದಿಡಬೇಡಿ. ಜಾಮೀನಿನ ಸಹಿಯನ್ನು ಮಾತ್ರ ಹಾಕಬೇಡಿ. ಕಷ್ಟದಲ್ಲಿ ಆಗಬೇಕೆಂದೇ ಸಹೋದರನು ಹುಟ್ಟಿದ್ದಾನೆಂದು ಹೇಳುವ ಜ್ಞಾನೋಕ್ತಿಗಳ 17ನೆಯ ಅಧ್ಯಾಯವು, ಮರುವಚನದಲ್ಲೇ ಇನ್ನೊಬ್ಬನಿಗೆ ಹೊಣೆಯಾಗುವವನನ್ನು ಬುದ್ಧಿಹೀನನೆನ್ನುತ್ತದೆ. ಈ ಎರಡೂ ವಚನಗಳು ಅಕ್ಕಪಕ್ಕ ಇರುವುದನ್ನು ಗಮನಿಸಿ.

ತಾಯಿಯವರಿಗೆ ಒಂದು ಮಾತನ್ನು ವಿನಯದಿಂದ ಹೇಳಬಹುದು. ಓಡಿಹೋಗಿದ್ದ ದಾಸ ಒನೇಸಿಮನನ್ನು ಸೇರಿಸಿಕೊಳ್ಳೆಂದು ಫಿಲೆಮೋನನಿಗೆ ಬರೆಯುವಾಗ ಪೌಲನು ಮರೆತುಬಿಡು ಎನ್ನಲಿಲ್ಲ. ಅವನಿಂದ ನಷ್ಟವಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆಂದು ಸ್ವಂತ ಕೈಯಿಂದ ಬರೆದನು. ತಾಯಿಯವರು ಹಣ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಹಿರಿಯ ಮಗನು ಅಂದು ಅವರ ಮುಂದೆಯೇ ಸುಳ್ಳು ಹೇಳಿದನಲ್ಲವೇ? ಆ ಸತ್ಯವನ್ನು ತಾಯಿಯವರೂ ಅಣ್ಣನವರ ಮುಂದೆ ಎತ್ತಿದರೆ ಈ ಭಾರದಲ್ಲಿ ಅವರಿಗೂ ಪಾಲು ಸಿಕ್ಕಂತಾಗುತ್ತದೆ.

ಇನ್ನು ಪ್ರಾರ್ಥನೆಯ ವಿಷಯ. ಮತ್ತಾಯನ ಮೂಲ ಗ್ರೀಕ್ ಪಾಠದಲ್ಲಿ ಆ ಸಾಲಿನಲ್ಲಿರುವ ಪದದ ಅರ್ಥ ಸಾಲ ಎಂದೇ. ನಿಮ್ಮ ಪಾಲಿಗೆ ಅದು ಉಪಮೆಯೂ ಅಲ್ಲ. ನಾಲಿಗೆ ತಡವರಿಸಿದರೆ ಅಲ್ಲಿಯೇ ನಿಂತು, ಅಣ್ಣನವರ ಹೆಸರನ್ನು ಹೇಳಿ, "ಇವರಿಗೆ ಕೇಡಾಗಲೆಂಬ ಬಯಕೆಯನ್ನು ಇಂದು ನಿನ್ನ ಕೈಗೆ ಒಪ್ಪಿಸುತ್ತೇನೆ" ಎಂದು ಪ್ರಾರ್ಥಿಸಿ. ನಾಳೆ ಮತ್ತೆ ಹೇಳಬೇಕಾಗಬಹುದು, ನಾಡಿದ್ದೂ. ಏಳೆಪ್ಪತ್ತು ಸಾರಿ ಎಂಬುದು ಒಂದೇ ಗಾಯದ ವಿಷಯದಲ್ಲಿಯೂ ಬೇಕಾಗುವುದುಂಟು.

ಪ್ರಶ್ನೆ: ಮನಸ್ತಾಪ ಬಂದ ದಿನ, "ಸೂರ್ಯನು ಮುಳುಗುವವರೆಗೂ ಕೋಪ ಇಟ್ಟುಕೊಳ್ಳಬಾರದು" ಎಂಬ ವಾಕ್ಯವನ್ನು ಹೇಳಿ ನನ್ನ ಯಜಮಾನರು ನಡುರಾತ್ರಿಯವರೆಗೂ ವಾದ ಬಿಡುವುದಿಲ್ಲ. ದಣಿದು ಸುಮ್ಮನಾದರೆ ನನ್ನದೇ ತಪ್ಪೆನ್ನುತ್ತಾರೆ. ಇದು ಸರಿಯೇ?

ಉತ್ತರ: ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದ ಆ ವಚನವು ಕೋಪವನ್ನು ಸಾಕಿಕೊಳ್ಳಬೇಡಿರೆನ್ನುತ್ತದೆ, ವಾದವನ್ನು ಅಂದೇ ಗೆದ್ದು ಮುಗಿಸಿರೆನ್ನುವುದಿಲ್ಲ. ಪೌಲನು ಅಲ್ಲಿ 4ನೆಯ ಕೀರ್ತನೆಯ ಮಾತನ್ನು ಬಳಸಿಕೊಂಡಿದ್ದಾನೆ. ಆ ಕೀರ್ತನೆಯಲ್ಲಿ ಅದರ ಮುಂದಿನ ಮಾತು, ಹಾಸಿಗೆಯ ಮೇಲಿರುವಾಗ ಹೃದಯದಲ್ಲಿಯೇ ಆಲೋಚಿಸಿಕೊಂಡು ಮೌನವಾಗಿರಿ ಎಂಬುದು. ಮನಸ್ತಾಪವಿಲ್ಲದ ಒಂದು ದಿನ ಇಬ್ಬರೂ ಕುಳಿತು ಎರಡು ಭಾಗಗಳನ್ನೂ ಒಟ್ಟಿಗೆ ಓದಿರಿ. ಮುಂದಿನ ಸಾರಿ ಮಾತು ಬೆಳೆದರೆ, "ನಿಮ್ಮ ಮೇಲೆ ನನಗೆ ದ್ವೇಷವಿಲ್ಲ, ಬೆಳಿಗ್ಗೆ ಮಾತನಾಡೋಣ" ಎಂದು ಹೇಳಿ ಮಲಗಿರಿ, ಬೆಳಿಗ್ಗೆ ನೀವಾಗಿಯೇ ಆ ಮಾತನ್ನು ಎತ್ತಿರಿ.