ಹೊಗೆ ಇಲ್ಲದ ಒಲೆಯಲ್ಲಿ ಹೊಗೆ!

ಪ್ರಶ್ನೆ: ಮೂರು ಕಣ್ಣಿನ ಅಸ್ತ್ರ ಒಲೆ (ಚಿಮಣಿಯಿರುವ ಹೊಗೆರಹಿತ ಒಲೆ) ಕಟ್ಟಿಸಿ 15 ದಿನವಾಯಿತು. ಬೆಳಿಗ್ಗೆ ಹಚ್ಚಿದರೆ ಹೊಗೆಯೆಲ್ಲ ಒಲೆಯ ಬಾಯಿಂದಲೇ ಬರುತ್ತದೆ. ಚಿಮಣಿ ಬುಡದಲ್ಲಿ ಕಪ್ಪು ನೀರು ಒಸರುತ್ತದೆ. ಜೋಳದ ರೊಟ್ಟಿಯೂ ಉಬ್ಬುತ್ತಿಲ್ಲ. ಕಟ್ಟಿದ್ದೇ ತಪ್ಪಾಯಿತೇ?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಕಟ್ಟಿದವರನ್ನು ಬೈಯುವ ಮೊದಲು ಕಟ್ಟಿಗೆ ನೋಡಿ. ಕಪ್ಪು ನೀರು ಹಸಿ ಕಟ್ಟಿಗೆಯ ಗುರುತು. ಆಗತಾನೇ ಕಡಿದ ಜಾಲಿಯಲ್ಲಿ ನೀರಿನ ತೂಕವೇ ಬಹಳ. ಬೆಂಕಿಯ ಕಾವು ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಅರೆಬರೆ ಉರಿದ ಹೊಗೆ ತಣ್ಣನೆಯ ಕೊಳವೆಗೆ ತಾಗಿ ಡಾಂಬರಿನಂತೆ ಇಳಿಯುತ್ತದೆ. ಜಾಲಿಯನ್ನು ಸೀಳಿ, ಮಳೆ ತಾಗದ ಕಡೆ ಐದಾರು ತಿಂಗಳು ಒಣಗಿಸಿ. ಎರಡು ತುಂಡು ಬಡಿದರೆ ಟಣ್ ಎನ್ನಬೇಕು. ಅಲ್ಲಿಯವರೆಗೆ ಒಣಗಿದ ತೊಗರಿ ಕಟ್ಟಿಗೆಯೇ ಸಾಕು.

ಬೆಳಿಗ್ಗೆಯ ಹೊಗೆಗೆ ಕಾರಣ ಬೇರೆ. ತಣ್ಣಗಿರುವ ಚಿಮಣಿ ಗಾಳಿ ಎಳೆಯುವುದಿಲ್ಲ. ಮೊದಲು ಹಿಂದಿನ ಕಣ್ಣಿನಲ್ಲಿ ಒಂದು ಹಿಡಿ ಕಾಗದವನ್ನೋ ತೊಗರಿ ಪುರುಳೆಯನ್ನೋ ಉರಿಸಿ, ಕೂಡಲೇ ಪಾತ್ರೆಯಿಟ್ಟು ಮುಚ್ಚಿ. ಒಲೆಯ ಬಾಯಿಗೆ ಊದಿನಕಡ್ಡಿ ಹಿಡಿದಾಗ ಹೊಗೆ ಒಳಗೆ ಎಳೆದರೆ ಮುಂದಿನ ಬೆಂಕಿ ಹಚ್ಚಬಹುದು. ಮೂರೂ ಕಣ್ಣುಗಳ ಮೇಲೆ ಬಿಗಿಯಾಗಿ ಕೂರುವ ಪಾತ್ರೆ ಇರಲೇಬೇಕು. ಒಂದು ಬರಿದಾಗಿದ್ದರೂ ತಣ್ಣನೆಯ ಗಾಳಿ ಅಲ್ಲಿಂದ ನುಗ್ಗಿ ಎಳೆತ ಸಾಯುತ್ತದೆ. ಹಿಂದಿನದರಲ್ಲಿ ಸ್ನಾನದ ನೀರಿಡಿ. ಹೆಬ್ಬೆರಳು ದಪ್ಪದ ಎರಡು ಮೂರು ಕಟ್ಟಿಗೆ ಸಾಕು, ಬಾಯಿತುಂಬ ತುರುಕಬೇಡಿ. ಗಾಳಿ ಕಟ್ಟಿಗೆಯಡಿಯ ಜಾಲರಿಯ ಕೆಳಗಿನಿಂದ ಬರಬೇಕು, ಆದ್ದರಿಂದ ಬೂದಿ ದಿನಾ ತೆಗೆಯಿರಿ. ಕುಳ್ಳು ಹಾಕುವವರಿಗೆ ಈ ಕೆಲಸ ದುಪ್ಪಟ್ಟು.

ಇಷ್ಟಾದರೂ ಹೊಗೆ ಬಂದರೆ ಚಿಮಣಿ ಮಾಳಿಗೆಗಿಂತ ಎರಡು ಮೂರು ಅಡಿ ಎತ್ತರವಿದೆಯೇ ನೋಡಿ. ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿಚೀಲದ ಉಂಡೆ ಕಟ್ಟಿ, ಒಲೆ ಆರಿದ ಮೇಲೆ ಕೊಳವೆಯೊಳಗೆ ಮೇಲೆ ಕೆಳಗೆ ಎಳೆದು ಮಸಿ ತೆಗೆಯಿರಿ. ಕಟ್ಟಿಕೊಂಡ ಮಸಿಗೆ ಕಿಡಿ ತಾಗಿದರೆ ಚಿಮಣಿಯೇ ಹೊತ್ತೀತು. ಚಳಿಗಾಲವೆಂದು ಕಿಟಕಿ ಮುಚ್ಚಬೇಡಿ.

ಇನ್ನು ರೊಟ್ಟಿ. ಹಂಚು ಮುಂದಿನ ಕಣ್ಣಿನ ಮೇಲೇ ಇರಬೇಕು, ಬೇಳೆ ಎರಡನೆಯದಕ್ಕೆ. ಒಲೆಯ ಬಾಯಲ್ಲಿ ಕೆಂಡಕ್ಕೆ ಆನಿಸಿ ಉಬ್ಬಿಸುವ ರೂಢಿಗೆ ಇಲ್ಲಿ ಜಾಗವಿಲ್ಲ. ಹಂಚಿನ ಮೇಲೇ ತಿರುವಿ ಹಾಕಿ, ಬಟ್ಟೆಯಿಂದ ಅಂಚನ್ನು ಒತ್ತಿ ಉಬ್ಬಿಸಿ. ಕೈ ಹದಕ್ಕೆ ಬರಲು ಒಂದು ವಾರ ಬೇಕಾದೀತು.

ಪ್ರಶ್ನೆ: ಹೊಸ ಒಲೆಯ ಅಂಚು ಬಿರಿದಿದೆ. ಸಿಮೆಂಟ್ ಬಳಿಯಬಹುದೇ?
– ಓದುಗರೊಬ್ಬರು, ಚಿತ್ತಾಪುರ

ಉತ್ತರ: ಬೇಡ. ಕಾವಿಗೆ ಸಿಮೆಂಟ್ ಬಿರುಕು ಬಿಟ್ಟು ಮಣ್ಣಿನಿಂದ ಕಳಚುತ್ತದೆ. ನಿಮ್ಮ ಕಡೆಯ ಎರೆಮಣ್ಣೂ ಬೇಡ, ಒಣಗುವಾಗ ಅದು ಇನ್ನಷ್ಟು ಕುಗ್ಗಿ ಸೀಳುತ್ತದೆ. ಹುತ್ತದ ಮಣ್ಣಿಗೆ ಸಗಣಿ, ಸಣ್ಣ ಹೊಟ್ಟು ಸೇರಿಸಿ ಒಂದು ರಾತ್ರಿ ನೆನೆಸಿ. ಬಿರುಕಿಗೆ ನೀರು ಚಿಮುಕಿಸಿ ತುಂಬಿ, ನೆರಳಲ್ಲಿ ಆರಲು ಬಿಡಿ. ಎರಡು ದಿನ ಒಲೆ ಹಚ್ಚಬೇಡಿ. ಮೂರನೆಯ ದಿನ ಸಣ್ಣ ಉರಿಯಷ್ಟೇ ಇರಲಿ.