ಲೆಸ್ಟರ್‌ಗೆ ಬರುವ ಮೊದಲು ಊಟದ ವಿಷಯ

ತಮ್ಮಾ, ಓದಲು ಇಂಗ್ಲೆಂಡಿನ ಲೆಸ್ಟರ್‌ಗೆ ಬರ್ತಿದ್ದೀನಿ, ಅಲ್ಲಿ ಜನ ದಿನಾ ಏನು ತಿಂತಾರೆ, ಜೋಳದ ರೊಟ್ಟಿ ಸಿಗುತ್ತಾ ಅಂತ ಕೇಳಿದ್ದೀಯ. ನೀನು ಮಾನ್ವಿಯವನು, ನಾನು ಸಿಂಧನೂರಿನವನು, ಇಬ್ಬರೂ ರಾಯಚೂರು ಜಿಲ್ಲೆಯವರೇ. ಹಾಗಾಗಿ ಬಿಚ್ಚಿ ಹೇಳ್ತೀನಿ.

ಬೆಳಿಗ್ಗೆ ಇಲ್ಲಿನವರಿಗೆ ತಣ್ಣನೆ ಹಾಲಿಗೆ ಹಾಕಿದ ಸೀರಿಯಲ್, ಇಲ್ಲಾ ಬೆಣ್ಣೆ ಸವರಿದ ಟೋಸ್ಟ್, ಜೊತೆಗೆ ಚಹಾ. ಮಧ್ಯಾಹ್ನ ಸ್ಯಾಂಡ್‌ವಿಚ್. ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆಯೇ ಕೂತು ಡಬ್ಬಿ ಬಿಚ್ಚಿ, ಎರಡು ತ್ರಿಕೋನ ತುಂಡು, ಒಂದು ಪ್ಯಾಕೆಟ್ ಕ್ರಿಸ್ಪ್ಸ್ (ನಮ್ಮ ಆಲೂ ಚಿಪ್ಸ್), ಒಂದು ಕ್ಯಾನ್ ಕೋಲಾ ಮುಗಿಸ್ತಾರೆ. ಬಿಸಿ ಊಟ ಅಂದ್ರೆ ಸಂಜೆ ಆರು-ಏಳಕ್ಕೆ. ಆ ಹೊತ್ತಿಗೇ ಉಣ್ಣುವುದು ಮಾತ್ರ ಒಳ್ಳೇ ರೂಢಿ, ಕಲಿ.

ಆ ಸ್ಯಾಂಡ್‌ವಿಚ್, ಕ್ರಿಸ್ಪ್ಸ್, ಕೋಲಾ ಮೂರೂ ಸೇರಿ ಒಂದೇ ರೇಟಿಗೆ ಬಹಳಷ್ಟು ಅಂಗಡಿಯಲ್ಲಿ ಸಿಗುತ್ತೆ. ಹೊಸದಾಗಿ ಬಂದ ಹುಡುಗರು ಬೇಗ ಅದಕ್ಕೇ ಬೀಳ್ತಾರೆ. ನೀನು ಬೀಳಬೇಡ. ಇಲ್ಲಿ ಜನ ಏನು ತಿಂತಾರೆ ಅಂತ ಸರ್ಕಾರವೇ 2008ರಿಂದ ಸತತವಾಗಿ ಸಮೀಕ್ಷೆ ಮಾಡಿಸುತ್ತಿದೆ. ದೊಡ್ಡವರಿಗೆ ದಿನಕ್ಕೆ 30 ಗ್ರಾಂ ನಾರು ಬೇಕು, ತಿನ್ನುವುದು ಸರಾಸರಿ ಅದಕ್ಕಿಂತ ಬಹಳ ಕಡಿಮೆ ಅಂತ ಅದರಲ್ಲಿ ಕಂಡಿದೆ. ಜೋಳ, ಬೇಳೆ, ಕಾಳು ಉಂಡು ಬೆಳೆದ ನಾವು ನಾರು ಇರೋದನ್ನು ಬಿಟ್ಟು ಇಲ್ಲದ್ದಕ್ಕೆ ಯಾಕೆ ಹೋಗಬೇಕು?

ರೊಟ್ಟಿ ಸಿಗುತ್ತೆ, ಆದರೆ ನೀನೇ ಬಡಿಯಬೇಕು. ಬೆಲ್‌ಗ್ರೇವ್ ರೋಡ್ ಕಡೆಯ ಗುಜರಾತಿ ಅಂಗಡಿಗಳಲ್ಲಿ ಜೋಳದ ಹಿಟ್ಟು ಇರುತ್ತೆ, ಪ್ಯಾಕೆಟ್ ಮೇಲೆ ಜುವಾರ್ ಅಂತ ಬರೆದಿರುತ್ತೆ. ಹಿಟ್ಟು ಬೀಸಿ ಬಹಳ ದಿನ ಆಗಿದ್ದರೆ ಜಿಗಿ ಇರಲ್ಲ, ಬಡಿಯುವಾಗ ಅಂಚು ಸೀಳುತ್ತೆ. ನೀರು ಕೊತಕೊತ ಕುದಿಸಿ ಹಿಟ್ಟಿನ ನಡುವೆ ಹಾಕು, ಚಮಚದಲ್ಲಿ ಕಲಸು, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದು. ಮೊದಲು ಅಂಗೈ ಅಗಲದ ರೊಟ್ಟಿ ಬಡಿ, ದೊಡ್ಡದು ಆಮೇಲೆ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿಡು, ಹೊಗೆಗೆ ಅಲಾರಂ ಕೂಗುತ್ತೆ.

ಪುಂಡಿಪಲ್ಯ ಅಪರೂಪ. ಪಾಲಕ್, ಫ್ರೋಜನ್ ಬಟಾಣಿ ಯಾವಾಗಲೂ ಸಿಗುತ್ತೆ, ಅದೇ ಸಾಕು.

ಬರುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಸಿಕೋ. ಅವ್ವ ಎಷ್ಟೇ ಹೇಳಿದರೂ ತುಪ್ಪ, ಪೇಡೆ ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಇನ್ನೊಂದು: ಇಲ್ಲಿ ಚಳಿಗಾಲದ ಬಿಸಿಲು ಮೈಗೆ ಸಾಲದು. ನಮ್ಮಂಥ ಕಪ್ಪು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವುದು ಒಳ್ಳೇದು ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತೆ. ಬಂದ ವಾರವೇ ಒಂದು ಡಬ್ಬಿ ಕೊಂಡಿಟ್ಟುಕೋ.