ಕಾಸಿಲ್ಲದ ಆಫೀಸ್ ಸಾಫ್ಟ್‌ವೇರ್ ನಮ್ಮ ಕೆಲಸಕ್ಕೆ ಸಾಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಒಂದು ಮಾತು ಕೇಳಿದ್ದೆ. ವರ್ಡ್, ಎಕ್ಸೆಲ್‌ಗೆ ವರ್ಷವರ್ಷ ಚಂದಾ ಕಟ್ಟಲು ಆಗದವರು ಬೇರೆ ಏನು ಬಳಸುತ್ತಿದ್ದೀರಿ, ಅದು ಹೇಗಿದೆ, ಬರೆಯಿರಿ ಅಂತ. ಮೈಸೂರು, ಮಂಡ್ಯ ಕಡೆಯಿಂದ ಇಷ್ಟೊಂದು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಆಫೀಸ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತಲ್ಲ, ಅದಾದ ಮೇಲೆ ಬಹಳ ಜನಕ್ಕೆ ಈ ಯೋಚನೆ ಹತ್ತಿದೆ. ಹೆಚ್ಚಿನ ಪತ್ರಗಳು ಲಿಬ್ರೆಆಫೀಸ್ ಅನ್ನುವ ಉಚಿತ ಸಾಫ್ಟ್‌ವೇರ್ ಬಗ್ಗೆಯೇ ಇವೆ. ನಾನೂ ಮನೆಯಲ್ಲಿ ಅದನ್ನೇ ಬಳಸುವವಳು. ಆದ್ದರಿಂದ ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ, ಚೆನ್ನಾಗಿಲ್ಲದ್ದನ್ನೂ ಸೇರಿಸಿ.

ಪ್ರಶ್ನೆ: ಮೇಡಂ, ನಾನು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಕೆಟ್ ಬೆಲ್ಲ, ಅಚ್ಚು, ಕುರಿಕಾಲು ಅಚ್ಚು ಅಂತ ಬೇರೆ ಬೇರೆ ಶೀಟ್ ಇದೆ. ಎರಡು ತಿಂಗಳಿಂದ ಲಿಬ್ರೆಆಫೀಸ್ ಹಾಕಿದ್ದೇವೆ. ಕೂಡುವುದು ಕಳೆಯುವುದು ಎಲ್ಲಾ ಸರಿ. ಆದರೆ ಲಕ್ಷದ ಜಾಗದಲ್ಲಿ ಕಾಮಾ ಬೀಳುತ್ತಿಲ್ಲ, ತಾರೀಖು ಉಲ್ಟಾ ಆಗುತ್ತಿದೆ. ಯಜಮಾನರು ಹಳೆಯದೇ ಹಾಕಿಸು ಅನ್ನುತ್ತಿದ್ದಾರೆ.
(ಗುಮಾಸ್ತರು, ಮಂಡ್ಯ)

ಉತ್ತರ: ಯಜಮಾನರಿಗೆ ಒಂದು ವಾರ ತಾಳಲು ಹೇಳಿ. ಎರಡೂ ಸೆಟ್ಟಿಂಗ್ ತೊಂದರೆ, ಅಷ್ಟೇ.

ಮೊದಲು ತಾರೀಖು. ನಿಮ್ಮ ಸಾಫ್ಟ್‌ವೇರ್ ಅಮೆರಿಕದ ಲೆಕ್ಕದಲ್ಲಿ ಕೂತಿದೆ. ನೀವು 5/6/2025 ಅಂತ ಹೊಡೆದರೆ ಅದು ಮೇ 6 ಅಂತ ತಿಳಿದುಕೊಳ್ಳುತ್ತದೆ, ನಿಮಗೆ ಬೇಕಾಗಿರುವುದು ಜೂನ್ 5. ಟೂಲ್ಸ್‌ನಲ್ಲಿ ಆಪ್ಷನ್ಸ್‌ಗೆ ಹೋಗಿ. ಅಲ್ಲಿ ಲ್ಯಾಂಗ್ವೇಜಸ್ ಅಂಡ್ ಲೊಕೇಲ್ಸ್ ಅಂತ ಇದೆ. ಲೊಕೇಲ್ (ಯಾವ ದೇಶದ ಪದ್ಧತಿ) ಅನ್ನುವ ಕಡೆ ಇಂಗ್ಲಿಷ್ (ಇಂಡಿಯಾ) ಆರಿಸಿ. ಆದರೆ ಒಂದು ಎಚ್ಚರ: ಈಗಾಗಲೇ ತಪ್ಪಾಗಿ ಕೂತಿರುವ ತಾರೀಖುಗಳು ತಾವಾಗಿ ಸರಿಹೋಗುವುದಿಲ್ಲ. ಈ ಎರಡು ತಿಂಗಳ ಶೀಟುಗಳನ್ನು ಬಿಲ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದು ಸಲ ನೋಡಲೇಬೇಕು. 12ನೇ ತಾರೀಖಿನವರೆಗಿನ ಸಾಲುಗಳನ್ನು ಜಾಸ್ತಿ ಗಮನಿಸಿ. 13ರಿಂದ ಮುಂದೆ ಅಂತಹ ತಿಂಗಳೇ ಇಲ್ಲವಾದ್ದರಿಂದ ಅದು ತಾರೀಖನ್ನು ಉಲ್ಟಾ ಓದುವುದಿಲ್ಲ, ಬರೀ ಅಕ್ಷರದ ಹಾಗೆ ಎಡಕ್ಕೆ ಅಂಟಿಕೊಂಡು ಕೂತಿರುತ್ತದೆ. ಅದನ್ನು ಕಣ್ಣಲ್ಲೇ ಹಿಡಿಯಬಹುದು.

ಲಕ್ಷದ ಕಾಮಾಕ್ಕೆ ಆ ಕಾಲಂ ಪೂರ್ತಿ ಆರಿಸಿ ಕಂಟ್ರೋಲ್ ಮತ್ತು 1 ಒತ್ತಿ. ಕೆಳಗೆ ಫಾರ್ಮ್ಯಾಟ್ ಕೋಡ್ ಅಂತ ಒಂದು ಡಬ್ಬಿ ಇದೆ. ಅದರಲ್ಲಿ #,##,##0 ಅಂತ ಟೈಪ್ ಮಾಡಿ. 1,25,000 ಅಂತ ನಮ್ಮ ಕಡೆ ಬರೆಯುವ ಹಾಗೇ ಬರುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕರೆಂಟ್ ಹೋದಾಗ ಲೆಕ್ಕ ಹೋಗಬಾರದು ಅಲ್ವಾ? ಅದೇ ಆಪ್ಷನ್ಸ್‌ನಲ್ಲಿ ಲೋಡ್/ಸೇವ್ ಒಳಗೆ ಜನರಲ್ ಅಂತ ಇದೆ. ಅಲ್ಲಿ ಆಟೋರಿಕವರಿ, ಅಂದರೆ ತಾನಾಗಿ ಉಳಿಸಿಕೊಳ್ಳುವುದು, ಎಷ್ಟು ನಿಮಿಷಕ್ಕೊಮ್ಮೆ ಅನ್ನುವುದನ್ನು 3 ಮಾಡಿ, ಬ್ಯಾಕಪ್ ಕಾಪಿ ಮಾಡು ಅನ್ನುವುದಕ್ಕೂ ಟಿಕ್ ಹಾಕಿ. ಸಾವಿರಾರು ಸಾಲಿನ ಎಕ್ಸೆಲ್ ಫೈಲ್ ತೆರೆಯುವಾಗ ಲಿಬ್ರೆಆಫೀಸ್ ಸ್ವಲ್ಪ ನಿಧಾನ, ಅದು ನಿಜ. ತೆರೆದ ಮೇಲೆ ನಿಮ್ಮಂಥ ಲೆಕ್ಕಕ್ಕೆ ಏನೂ ಕಮ್ಮಿ ಇಲ್ಲ. ಲೆಕ್ಕವನ್ನು ಗುಂಪು ಮಾಡಿ ಒಟ್ಟು ತೋರಿಸುವ ಪಿವೋಟ್ ಟೇಬಲ್ ಇದೆ, ಪಟ್ಟಿಯಲ್ಲಿ ಬೇಕಾದ್ದನ್ನು ಹುಡುಕಿಕೊಡುವ ವಿಲುಕಪ್ ಇದೆ, 2024ರ ಆಗಸ್ಟ್‌ನಲ್ಲಿ ಬಂದ 24.8ನೇ ಆವೃತ್ತಿಯಿಂದ ಅದರ ಹೊಸ ರೂಪ ಎಕ್ಸ್‌ಲುಕಪ್ ಕೂಡ ಇದೆ.

ಪ್ರಶ್ನೆ: ನಾನು ಪತ್ರ ಬರಹಗಾರ. ಕ್ರಯಪತ್ರ, ಬಾಡಿಗೆ ಕರಾರು ಟೈಪ್ ಮಾಡುತ್ತೇನೆ. ಹೊಸ ಕಂಪ್ಯೂಟರ್‌ಗೆ ಲಿಬ್ರೆಆಫೀಸ್ ಹಾಕಿಸಿದೆ. ಹಳೇ ಕನ್ನಡ ಫೈಲ್ ತೆರೆದರೆ ಪುಟ ಹಾರುತ್ತದೆ. ಎರಡು ಪುಟದ ಪತ್ರ ಮೂರಾಗುತ್ತದೆ. ಈ ಸಾಫ್ಟ್‌ವೇರ್‌ಗೆ ಕನ್ನಡ ಬರಲ್ಲ ಅನ್ನಿಸುತ್ತಿದೆ.
(ಪತ್ರ ಬರಹಗಾರರು, ಮೈಸೂರು)

ಉತ್ತರ: ಬರುತ್ತದೆ. ಫಾಂಟ್ ಹುಡುಕಿ ಮೊದಲು.

ನಿಮ್ಮ ಹಳೇ ಫೈಲ್ ತೆರೆದು ಕನ್ನಡ ಸಾಲಿನ ಮೇಲೆ ಕರ್ಸರ್ ಇಡಿ. ಮೇಲೆ ಫಾಂಟ್ ಹೆಸರು ಓರೆ ಅಕ್ಷರದಲ್ಲಿ ಕಾಣಿಸುತ್ತಿದೆಯಾ ನೋಡಿ. ಓರೆಯಾಗಿದ್ದರೆ ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಅದರ ಬದಲು ಬೇರೆಯದನ್ನು ಕೂರಿಸಿದೆ ಅಂತ ಅರ್ಥ. ನನ್ನ ಊಹೆ, ನಿಮ್ಮ ಹಳೇ ಪತ್ರಗಳು ತುಂಗಾ ಅನ್ನುವ ಫಾಂಟಿನಲ್ಲಿವೆ. ವಿಂಡೋಸ್ 10ರಿಂದ ಈಚೆಗೆ ಎಷ್ಟೋ ಕಂಪ್ಯೂಟರಿನಲ್ಲಿ ಅದು ತಾನಾಗಿ ಇರುವುದಿಲ್ಲ, ನಿರ್ಮಲ ಯುಐ ಮಾತ್ರ ಇರುತ್ತದೆ. ಒಂದೊಂದು ಕನ್ನಡ ಫಾಂಟ್ ಒಂದೊಂದು ಎತ್ತರ. ಒತ್ತಕ್ಷರಕ್ಕೆ ಕೆಳಗೆ ಬಿಡುವ ಜಾಗವೂ ಬೇರೆ ಬೇರೆ. ಸಾಲಿಗೆ ಕೂದಲೆಳೆಯಷ್ಟು ಜಾಸ್ತಿ ಆದರೂ ಮೂವತ್ತು ಸಾಲಿಗೆ ಎರಡು ಸಾಲು ಕೆಳಗೆ ಹೋಗುತ್ತದೆ. ಚಕ್ಕುಬಂದಿ ಎರಡನೇ ಪುಟದಲ್ಲಿ, ಸಾಕ್ಷಿಗಳ ರುಜು ಮಾತ್ರ ಮೂರನೇ ಪುಟದಲ್ಲಿ ಒಂಟಿಯಾಗಿ ಬಂದು ಕೂರುತ್ತದೆ. ನಿಮಗೆ ಆಗಿರುವುದು ಇದೇ ಇರಬೇಕು.

ತುಂಗಾ ತರಿಸಿಕೊಳ್ಳಲು ದುಡ್ಡು ಬೇಡ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಹುಡುಕಿ ಸೇರಿಸಿ. ಮುಚ್ಚಿ ತೆರೆದರೆ ಪುಟ ಬಹುಪಾಲು ತನ್ನ ಜಾಗಕ್ಕೆ ಬರುತ್ತದೆ.

ಇಂಗ್ಲಿಷ್ ಅಕ್ಷರದ ಸೈಜ್ ಬದಲಾಗುತ್ತದೆ, ಕನ್ನಡದ್ದು ಆಗಲ್ಲ ಅಂತ ಇನ್ನೂ ಇಬ್ಬರು ಬರೆದಿದ್ದಾರೆ. ಅವರಿಗೂ ಇಲ್ಲೇ ಹೇಳುತ್ತೇನೆ. ಲಿಬ್ರೆಆಫೀಸ್ ಕನ್ನಡಕ್ಕೆ ಬೇರೆ ಫಾಂಟ್, ಬೇರೆ ಸೈಜ್ ಇಟ್ಟುಕೊಳ್ಳುತ್ತದೆ. ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅಂತ ಅದರ ಹೆಸರು. ಮೇಲೆ ಮಂಡ್ಯದವರಿಗೆ ಹೇಳಿದ ಲೊಕೇಲ್ ಇದ್ದ ಜಾಗದಲ್ಲೇ ಅದಕ್ಕೆ ಟಿಕ್ ಹಾಕಿ ಕನ್ನಡ ಆರಿಸಬೇಕು. ಆಮೇಲೆ ಎಫ್11 ಒತ್ತಿ ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಫಾಂಟ್ ಪುಟದಲ್ಲಿ ಇಂಗ್ಲಿಷ್, ಕನ್ನಡ ಎರಡಕ್ಕೂ ಸೈಜ್ ಹಾಕಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕನ್ನಡದವರು ಈ ಸಾಫ್ಟ್‌ವೇರ್ ಬಿಟ್ಟು ಹೋಗುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನಗೆ ಅನ್ನಿಸಿದೆ, ಹತ್ತು ನಿಮಿಷದ ಕೆಲಸಕ್ಕೆ ಒಳ್ಳೆಯದೊಂದನ್ನು ಬಿಡುತ್ತಾರಲ್ಲ ಅಂತ ಬೇಜಾರೂ ಆಗುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಅಂಗಡಿಯವರು 300 ರೂಪಾಯಿಗೆ ಒರಿಜಿನಲ್ ಥರಾನೇ ಇರೋ ಆಫೀಸ್ ಹಾಕಿಕೊಡ್ತೀನಿ ಅಂದರು. ಎಲ್ಲರೂ ಹಾಕಿಸುತ್ತಾರೆ. ತಪ್ಪೇನು?
(ಬಿಕಾಂ ವಿದ್ಯಾರ್ಥಿ, ಮದ್ದೂರು)

ಉತ್ತರ: ಹಾಕಿಸಬೇಡಪ್ಪ. ದುಡ್ಡು ಕೊಡದೆ ಆಫೀಸ್ ನಡೆಯುವ ಹಾಗೆ ಅದರ ಬೀಗ ಒಡೆಯುವ ಪ್ರೋಗ್ರಾಂ ಓಡಿಸುವ ಮುಂಚೆ ಆಂಟಿವೈರಸ್ ಆಫ್ ಮಾಡು ಅನ್ನುತ್ತಾರೆ. ಆಫ್ ಮಾಡಿದ ಹೊತ್ತಿನಲ್ಲಿ ಒಳಗೆ ಏನೇನು ಬಂತು ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ನೀನು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತೀಯ. ಕಾನೂನಿನ ಮಾತು ಕೇಳಿದರೆ, 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಕದ್ದ ಸಾಫ್ಟ್‌ವೇರನ್ನು ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಬಿಕಾಂ ಅಸೈನ್‌ಮೆಂಟ್‌ಗೆ ಲಿಬ್ರೆಆಫೀಸ್ ಧಾರಾಳ ಸಾಕು. ಆ 300 ರೂಪಾಯಿಗೆ ಒಂದು ಪೆನ್‌ಡ್ರೈವ್ ತಗೊಂಡು ಫೈಲುಗಳ ಕಾಪಿ ಇಟ್ಟುಕೋ.

ಪ್ರಶ್ನೆ: ಲಿಬ್ರೆಆಫೀಸ್ ಫ್ರೀ ಅಂತೀರಿ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ದುಡ್ಡು ಕೇಳುತ್ತಿದೆಯಲ್ಲ?
(ಗೃಹಿಣಿ, ಮೈಸೂರು)

ಉತ್ತರ: ಸ್ಟೋರ್‌ನಲ್ಲಿ ಸಣ್ಣ ಶುಲ್ಕ ಇಟ್ಟಿದ್ದಾರೆ. ಅವರದೇ ಜಾಲತಾಣ ಲಿಬ್ರೆಆಫೀಸ್ ಡಾಟ್ ಆರ್ಗ್‌ನಿಂದ ಇಳಿಸಿಕೊಂಡರೆ ಏನೂ ಇಲ್ಲ. ಅಲ್ಲಿ ದೇಣಿಗೆ ಕೇಳುವ ಪುಟ ಬಂದರೆ ಹೆದರಬೇಡಿ, ಕೊಟ್ಟರೆ ಸಂತೋಷ, ಕೊಡದಿದ್ದರೂ ಇಳಿಯುತ್ತದೆ.

ಪ್ರಶ್ನೆ: ಹದಿನೈದು ವರ್ಷದಿಂದ ಓಪನ್ಆಫೀಸ್ ಬಳಸುತ್ತಿದ್ದೇನೆ. ಚೆನ್ನಾಗಿದೆ. ಬದಲಾಯಿಸಬೇಕಾ?
(ನಿವೃತ್ತ ಬ್ಯಾಂಕ್ ನೌಕರರು, ಸರಸ್ವತಿಪುರಂ, ಮೈಸೂರು)

ಉತ್ತರ: ಬದಲಾಯಿಸಿ ಸರ್. ಎರಡೂ ಒಂದೇ ಮನೆಯವು. ಓಪನ್ಆಫೀಸ್ ಸನ್ ಕಂಪನಿಯದಾಗಿತ್ತು, 2010ರಲ್ಲಿ ಆ ಕಂಪನಿಯನ್ನು ಒರಾಕಲ್ ಕೊಂಡುಕೊಂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಓಪನ್ಆಫೀಸ್ ಕಟ್ಟುತ್ತಿದ್ದವರಲ್ಲಿ ಬಹಳ ಜನ ಹೊರಗೆ ಬಂದು ಡಾಕ್ಯುಮೆಂಟ್ ಫೌಂಡೇಶನ್ ಅಂತ ಮಾಡಿಕೊಂಡು ಲಿಬ್ರೆಆಫೀಸ್ ಶುರುಮಾಡಿದರು. ಕೆಲಸ ಮಾಡುವ ಕೈಗಳು ಅಲ್ಲಿಗೆ ಹೋದವು. ಓಪನ್ಆಫೀಸ್‌ನಲ್ಲಿ ಇವತ್ತಿಗೂ ಡಾಕ್‌ಎಕ್ಸ್ (ವರ್ಡ್‌ನ ಈಗಿನ ರೂಪದ) ಫೈಲ್ ತೆರೆಯಬಹುದು, ಅದೇ ರೂಪದಲ್ಲಿ ಉಳಿಸಲು ಆಗುವುದಿಲ್ಲ. ಮೊಮ್ಮಕ್ಕಳು ಕಳಿಸಿದ ಫೈಲ್ ತಿದ್ದಿ ವಾಪಸ್ ಕಳಿಸಲು ನಿಮಗೆ ಕಷ್ಟ ಆಗಿರಬೇಕು. ನಿಮ್ಮ ಹಳೇ ಫೈಲುಗಳು ಒಂದೂ ಕೆಡುವುದಿಲ್ಲ, ಹಾಗೇ ತೆರೆಯುತ್ತವೆ.

ಪ್ರಶ್ನೆ: ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ. ಲಿಬ್ರೆಆಫೀಸ್ ನೋಡಲು ಹಳೇ ಕಾಲದ್ದು. ನಮ್ಮ ಟ್ಯೂಷನ್ ಮಕ್ಕಳಿಗೆ ಇಷ್ಟವಾಗಲಿಲ್ಲ. ಡಬ್ಲ್ಯುಪಿಎಸ್ ಅನ್ನುವ ಇನ್ನೊಂದು ಆಫೀಸ್ ಸಾಫ್ಟ್‌ವೇರ್ ವರ್ಡ್ ಥರಾನೇ ಇದೆ, ಆದರೆ ಜಾಹೀರಾತಿನ ಕಾಟ. ಬೇರೆ ಯಾವುದಿದೆ?
(ಟ್ಯೂಷನ್ ಶಿಕ್ಷಕಿ, ನಂಜನಗೂಡು)

ಉತ್ತರ: ನೀವು ಹೇಳಿದ್ದು ಸರಿ, ಮೊದಲ ನೋಟಕ್ಕೆ ಹಳೆಯದಾಗೇ ಕಾಣುತ್ತದೆ. ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ತೆರೆದು ಟ್ಯಾಬ್ಡ್ ಆರಿಸಿ ನೋಡಿ. ಮೇಲಿನ ಪಟ್ಟಿ ವರ್ಡ್‌ನ ಹತ್ತಿರಕ್ಕೆ ಬರುತ್ತದೆ. ಅದೂ ಸಾಲದಿದ್ದರೆ ಜರ್ಮನಿಯ ಸಾಫ್ಟ್‌ಮೇಕರ್ ಕಂಪನಿಯ ಫ್ರೀಆಫೀಸ್ ಇದೆ. ಮೊದಲ ಸಲ ತೆರೆದಾಗಲೇ ಹೊಸ ರೂಪ ಬೇಕಾ ಹಳೇ ಮೆನು ಬೇಕಾ ಅಂತ ಕೇಳುತ್ತದೆ. ಓನ್ಲಿಆಫೀಸ್ ಕೂಡ ಉಚಿತ, ಡಾಕ್‌ಎಕ್ಸ್ ಫೈಲ್‌ಗಳನ್ನೇ ಮುಖ್ಯವಾಗಿಟ್ಟುಕೊಂಡು ಮಾಡಿದ್ದು. ಮಕ್ಕಳೆಲ್ಲಾ ಒಂದೇ ಫೈಲಿನಲ್ಲಿ ಒಟ್ಟಿಗೆ ಬರೆಯಬೇಕು ಅಂದರೆ ಚೆನ್ನೈನ ಜೊಹೊದವರ ರೈಟರ್ ಅಥವಾ ಗೂಗಲ್ ಡಾಕ್ಸ್ ಒಳ್ಳೆಯದು, ಇಂಟರ್‌ನೆಟ್ ಚೆನ್ನಾಗಿರಬೇಕು ಅಷ್ಟೇ. ಕನ್ನಡ ಜಾಸ್ತಿ ಟೈಪ್ ಮಾಡುವವರಿಗೆ ಮಾತ್ರ ನಾನು ಲಿಬ್ರೆಆಫೀಸನ್ನೇ ಹೇಳುತ್ತೇನೆ.

ಪ್ರಶ್ನೆ: ಮೇಲಿನ ಕಚೇರಿಯಿಂದ ಎಕ್ಸೆಲ್ ಶೀಟ್ ಬರುತ್ತದೆ. ಅದರಲ್ಲಿ ಬಟನ್ ಒತ್ತಿದರೆ ತಾನಾಗಿ ಪಟ್ಟಿ ಆಗಬೇಕು. ಲಿಬ್ರೆಆಫೀಸ್‌ನಲ್ಲಿ ಬಟನ್ ಒತ್ತಿದರೆ ಎರರ್.
(ಶಾಲಾ ಶಿಕ್ಷಕರು, ಶ್ರೀರಂಗಪಟ್ಟಣ)

ಉತ್ತರ: ಅದು ಮ್ಯಾಕ್ರೋ, ಅಂದರೆ ಶೀಟಿನೊಳಗೆ ಬರೆದಿಟ್ಟ ಸಣ್ಣ ಪ್ರೋಗ್ರಾಂ. ಎಕ್ಸೆಲ್‌ಗೆ ಅಂತ ಬರೆದ ಮ್ಯಾಕ್ರೋಗಳಲ್ಲಿ ಕೆಲವು ಲಿಬ್ರೆಆಫೀಸ್‌ನಲ್ಲಿ ಓಡುತ್ತವೆ, ಕೆಲವು ಓಡುವುದಿಲ್ಲ. ಇದಕ್ಕೆ ಸುಮ್ನೆ ಒದ್ದಾಡಬೇಡಿ. ಶಾಲೆಯಲ್ಲಿ ಒಂದೇ ಒಂದು ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟ ಎಕ್ಸೆಲ್ ಇರಲಿ, ಉಳಿದವಕ್ಕೆ ಉಚಿತದ್ದು ಹಾಕಿ. ಎಲ್ಲಾ ಕಂಪ್ಯೂಟರಿಗೂ ಕೊಳ್ಳುವ ಬದಲು ಒಂದಕ್ಕೆ ಕೊಂಡರೂ ಖರ್ಚು ಬಹಳ ಇಳಿಯುತ್ತದೆ.

ಪ್ರಶ್ನೆ: ನನಗೆ 71 ವರ್ಷ. ನಮ್ಮೂರಿನ ಕೆರೆ, ಗುಡಿ, ಹಳೇ ಮನೆತನಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ. ಅರ್ಧ ಹಳೇ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು, ಅರ್ಧ ಈಗಿನ ಕನ್ನಡ ಟೈಪಿಂಗ್‌ನಲ್ಲಿ. ಹಳೆಯದನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ. ಹೋಯಿತಾ ನನ್ನ ಬರವಣಿಗೆ? ಮೆನು ಕನ್ನಡದಲ್ಲಿ ಸಿಗುತ್ತದಾ?
(ನಿವೃತ್ತ ಮೇಷ್ಟ್ರು, ಕೆ.ಆರ್. ಪೇಟೆ)

ಉತ್ತರ: ಎಲ್ಲೂ ಹೋಗಿಲ್ಲ ಮೇಷ್ಟ್ರೇ. ಹಳೇ ನುಡಿಯಲ್ಲಿ ಅಕ್ಷರ ಇಂಗ್ಲಿಷ್ ಸಂಕೇತವಾಗಿಯೇ ಉಳಿಯುತ್ತಿತ್ತು, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತಿತ್ತು. ಫಾಂಟ್ ಇಲ್ಲದ ಕಡೆ ಆ ಸಂಕೇತಗಳೇ ಕಾಣುತ್ತವೆ. ವರ್ಡ್‌ನಲ್ಲೂ ಇದೇ ಆಗುತ್ತಿತ್ತು. ನುಡಿ ಫಾಂಟ್ ಹಾಕಿದರೆ ಮತ್ತೆ ಕನ್ನಡ ಕಾಣುತ್ತದೆ. ಆದರೆ ಪುಸ್ತಕ ಅಂದಮೇಲೆ ಎಲ್ಲವನ್ನೂ ಯುನಿಕೋಡ್‌ಗೆ, ಅಂದರೆ ಅಕ್ಷರ ಕನ್ನಡವಾಗಿಯೇ ಉಳಿಯುವ ಈಗಿನ ಪದ್ಧತಿಗೆ, ಬದಲಾಯಿಸಿಕೊಳ್ಳಿ, ಅದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಂದೊಂದೇ ಅಧ್ಯಾಯ ಮಾಡಿ, ಮೂಲ ಫೈಲನ್ನು ಅಳಿಸಬೇಡಿ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ.

ಅರ್ಕಾವತ್ತಿನ ಮಾತು ಯಾಕೆ ಹೇಳಿದೆ ಅಂದರೆ, ನಮ್ಮ ಅಕ್ಕನ ಮಗಳ ಲಗ್ನಪತ್ರಿಕೆಯನ್ನು ನಾನೇ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಂದು ಪ್ರೆಸ್‌ಗೆ ಕೊಟ್ಟಿದ್ದೆ. ಅವರ ಹಳೇ ಪುಟ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಅಕ್ಷರವೆಲ್ಲಾ ಡಬ್ಬಿ ಡಬ್ಬಿ ಆಗಿ, ಅವರು ರಾತ್ರಿ ಕೂತು ಮತ್ತೆ ಟೈಪ್ ಮಾಡಿದರು. ಅವಸರದಲ್ಲಿ "ಧರ್ಮಪತ್ನಿ" ಹೋಗಿ "ಧಮಪತ್ನಿ" ಆಯಿತು. 400 ಪತ್ರಿಕೆ ಅಚ್ಚಾದ ಮೇಲೆ ನೋಡಿದ್ದು. ಅಕ್ಕ ಅವತ್ತು ಊಟ ಬಿಟ್ಟಳು. ನಾನು ಪಿಡಿಎಫ್ ಮಾಡಿ ಕೊಟ್ಟಿದ್ದರೆ ಹಾಗಾಗುತ್ತಿರಲಿಲ್ಲ. ಲಿಬ್ರೆಆಫೀಸ್‌ನಲ್ಲಿ ಪಿಡಿಎಫ್‌ಗೆ ಮೇಲೆಯೇ ಬಟನ್ ಇದೆ, ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ. ಪ್ರೆಸ್‌ನವರ ಜೊತೆ ಮೊದಲೇ ಮಾತಾಡಿ, ಯುನಿಕೋಡ್ ಪಿಡಿಎಫ್‌ನಿಂದ ಅಚ್ಚು ಮಾಡುತ್ತಾರಾ ಅಂತ ಕೇಳಿಕೊಳ್ಳಿ.

ಮೆನು ಕನ್ನಡದಲ್ಲಿ ಸಿಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಕಸ್ಟಮ್ ಆರಿಸಿ, ಯೂಸರ್ ಇಂಟರ್‌ಫೇಸ್ ಲ್ಯಾಂಗ್ವೇಜಸ್‌ನಲ್ಲಿ ಕನ್ನಡ ಸೇರಿಸಿ. ಅಲ್ಲಲ್ಲಿ ಇಂಗ್ಲಿಷ್ ಉಳಿದಿದೆ, ತೊಂದರೆ ಏನಿಲ್ಲ. ಅಕ್ಷರ ಸಣ್ಣದು ಅನ್ನಿಸಿದರೆ ಕಂಟ್ರೋಲ್ ಒತ್ತಿಕೊಂಡು ಮೌಸಿನ ಚಕ್ರ ತಿರುಗಿಸಿ, ಪುಟ ದೊಡ್ಡದಾಗುತ್ತದೆ. ಕೆರೆಯ ಅಧ್ಯಾಯ ಮುಗಿದಾಗ ಪಿಡಿಎಫ್ ಮಾಡಿ ನನಗೂ ಒಂದು ಕಳಿಸಿ, ಓದಬೇಕು.